ಲಾರಿ ಹತ್ತುವ ಮೊದಲು: ದೂರದ ಊರಿಗೆ ಮನೆ ಸಾಗಿಸುವ ಕಂಪನಿ ಆರಿಸುವುದು ಹೇಗೆ?

ನಮ್ಮ ಭಾವ ಬೆಂಗಳೂರಿನಿಂದ ನೊಯ್ಡಾಕ್ಕೆ ಮನೆ ಬದಲಿಸಿದಾಗ ಮಾತಾಗಿದ್ದು 38 ಸಾವಿರ ರೂಪಾಯಿಗೆ. ಹದಿಮೂರನೇ ದಿನ ಡ್ರೈವರ್ ಫೋನ್ ಮಾಡಿದ. ಲಾರಿ ಊರಾಚೆ ನಿಂತಿದೆ, ಇನ್ನೂ 22 ಸಾವಿರ ಹಾಕಿದರೆ ಒಳಗೆ ತರುತ್ತೇನೆ ಎಂದ. ಬುಕಿಂಗ್ ಮಾಡಿಸಿಕೊಂಡವನ ಫೋನ್ ಸ್ವಿಚ್ ಆಫ್. ಅಕ್ಕ ಆಗಲೇ ಎರಡು ವಾರದಿಂದ ಖಾಲಿ ಫ್ಲ್ಯಾಟಿನಲ್ಲಿ ಚಾಪೆ ಹಾಸಿಕೊಂಡು, ಎರಡು ತಟ್ಟೆ ಒಂದು ಬಾಣಲೆಯಲ್ಲಿ ಸಂಸಾರ ಮಾಡುತ್ತಿದ್ದಳು. ಭಾವ ದುಡ್ಡು ಕಟ್ಟಿದರು. ಇನ್ನೇನು ಮಾಡ್ತಾರೆ?

ಎರಡು ವರ್ಷದ ಮೇಲೆ ನಾವು ವಿಜಯನಗರದಿಂದ ಪುಣೆಗೆ ಹೊರಟಾಗ ಭಾವ ಹೇಳಿದ್ದು ಒಂದೇ ಮಾತು: "ಸಾಮಾನು ಲಾರಿ ಹತ್ತೋವರೆಗೆ ನಿನ್ನ ಮಾತು ನಡೆಯುತ್ತೆ. ಹತ್ತಿದ ಮೇಲೆ ಅವರದ್ದೇ ರಾಜ್ಯ." ಹಾಗಾಗಿ ಕೇಳುವುದು, ಬರೆಸುವುದು, ಜಗಳ ಆಡುವುದು ಎಲ್ಲಾ ಲಾರಿ ಬರುವ ಮೊದಲೇ ಮುಗಿಯಬೇಕು. ನಾನು ಮಾಡಿದ್ದನ್ನು, ಎಡವಿದ್ದನ್ನೂ ಸೇರಿಸಿ, ಒಂದೊಂದಾಗಿ ಬರೆಯುತ್ತೇನೆ.

ಫೋನ್ ಮಾಡುವ ಮೊದಲು ಪಟ್ಟಿ

ಯಾರ ಹತ್ತಿರವಾದರೂ ರೇಟು ಕೇಳುವ ಮೊದಲು ಮನೆಯನ್ನು ಕೋಣೆ ಕೋಣೆಯಾಗಿ ಬರೆದುಕೊಳ್ಳಿ. ಮಂಚ ಎಷ್ಟು, ಬೀರು ಎಷ್ಟು, ಅಂದಾಜು ಎಷ್ಟು ಡಬ್ಬ. ಬಾಲ್ಕನಿಯ ಹೂಕುಂಡ, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ, ಮಂಚದ ಕೆಳಗಿನ ಟ್ರಂಕು, ಇವೆಲ್ಲ ಪಟ್ಟಿಯಿಂದ ತಪ್ಪಿಸಿಕೊಳ್ಳುವುದರಲ್ಲಿ ನಿಸ್ಸೀಮ. ಲೋಡಿಂಗ್ ದಿನ "ಇದೆಲ್ಲ ಲಿಸ್ಟಲ್ಲಿ ಇರಲಿಲ್ಲ ಸಾರ್" ಎಂದು ಜಾಸ್ತಿ ಕೇಳುವುದು ಇವನ್ನು ತೋರಿಸಿಯೇ. ಜೊತೆಗೆ ಇಡೀ ಮನೆಯ ಒಂದು ವಿಡಿಯೋ ಮಾಡಿಡಿ. ಬೀರುವಿನ ಬಾಗಿಲು, ಟಿವಿ ಪರದೆ, ಫ್ರಿಜ್ಜಿನ ಬದಿ, ಇವು ಮೊದಲು ಹೇಗಿದ್ದವು ಎನ್ನುವುದಕ್ಕೆ ಸಾಕ್ಷಿ ಬೇಕಾಗುತ್ತದೆ.

ಪಟ್ಟಿ ಬರೆಯುವಾಗಲೇ ಯಾವುದನ್ನು ಒಯ್ಯಬೇಕಾಗಿಲ್ಲ ಎನ್ನುವುದೂ ಗೊತ್ತಾಗುತ್ತದೆ. ಉಬ್ಬಿದ ಪ್ಲೈವುಡ್ ಮಂಚವನ್ನು ಸುಮಾರು 840 ಕಿಲೋಮೀಟರ್ ಹೊತ್ತುಕೊಂಡು ಹೋಗುವ ಖರ್ಚಿಗೆ ಅಲ್ಲೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಮಂಚ ಬರುತ್ತದೆ.

ದಿನಾಂಕದ ವಿಷಯ. ತಿಂಗಳ ಕೊನೆ ಮತ್ತು ಏಪ್ರಿಲ್, ಮೇ ರಜೆಯಲ್ಲಿ ರೇಟು ಏರುತ್ತದೆ. ನಮ್ಮ ಕಡೆ ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ, ಆಗ ಚೌಕಾಸಿಗೆ ಜಾಗ ಇರುತ್ತದೆ. ನಿಮ್ಮಮ್ಮ ಒಪ್ಪಿದರೆ ಮಾತ್ರ.

ಯಾರನ್ನು ಕೇಳುವುದು

ಇಂಟರ್‌ನೆಟ್ಟಿನ ಯಾವುದೋ ಪಟ್ಟಿ ತಾಣದಲ್ಲಿ ನಂಬರ್ ಕೊಟ್ಟೆ. ಹತ್ತು ನಿಮಿಷದಲ್ಲಿ ಒಂಬತ್ತು ಫೋನ್ ಬಂದವು. ಒಂದು ನಂಬರು ಏಕಕಾಲಕ್ಕೆ ಹಲವರ ಕೈಗೆ ಹೋಗಿರುತ್ತದೆ. ಅದರಲ್ಲಿ ಎಷ್ಟೋ ಜನ ಲಾರಿಯನ್ನೂ ಇಟ್ಟಿಲ್ಲ, ಹುಡುಗರನ್ನೂ ಇಟ್ಟಿಲ್ಲ. ನಿಮ್ಮಿಂದ ಬುಕಿಂಗ್ ತೆಗೆದುಕೊಂಡು ಇನ್ನೊಬ್ಬನಿಗೆ ದಾಟಿಸುವ ಏಜೆಂಟರು. ಭಾವನಿಗೆ ಸಿಕ್ಕಿದ್ದು ಇಂಥವನೇ. ಅವನು ತನ್ನ ಪಾಲು ಇಟ್ಟುಕೊಂಡು ಲಾರಿಯವನಿಗೆ ಕಮ್ಮಿ ಕೊಟ್ಟ, ಲಾರಿಯವನು ಆ ಕೊರತೆಯನ್ನು ಭಾವನ ಹತ್ತಿರ ವಸೂಲಿ ಮಾಡಿದ.

ಅದಕ್ಕೇ ಮೊದಲ ಫೋನಿನಲ್ಲೇ ಮೂರು ಪ್ರಶ್ನೆ ಕೇಳಿ. ಲಾರಿ ನಿಮ್ಮದಾ, ಬಾಡಿಗೆದಾ? ಪ್ಯಾಕ್ ಮಾಡುವ ಹುಡುಗರು ನಿಮ್ಮವರಾ? ಆ ಊರಲ್ಲಿ ಇಳಿಸಿಕೊಳ್ಳುವವರು ಯಾರು? ಬಾಡಿಗೆ ಲಾರಿ ಅಂದಕೂಡಲೇ ಬಿಟ್ಟುಬಿಡಿ ಅಂತಲ್ಲ. ಒಳ್ಳೆಯ ಕಂಪನಿಗಳೂ ಸೀಸನ್ನಿನಲ್ಲಿ ಹೊರಗಿನ ಲಾರಿ ತರುತ್ತವೆ. ಆದರೆ ಹಾದಿಯಲ್ಲಿ ಏನಾದರೂ ಆದರೆ ಜವಾಬ್ದಾರಿ ತಮ್ಮದು ಎಂದು ಬರೆದುಕೊಡಬೇಕು. "ಅದೆಲ್ಲ ನಾವು ನೋಡ್ಕೋತೀವಿ ಸಾರ್" ಅನ್ನುವುದು ಉತ್ತರ ಅಲ್ಲ.

ಇದಕ್ಕಿಂತ ಒಳ್ಳೆಯ ದಾರಿ, ಅದೇ ದಾರಿಯಲ್ಲಿ ಹೋದವರನ್ನು ಕೇಳುವುದು. ಆಫೀಸಿನಲ್ಲಿ ಇತ್ತೀಚೆಗೆ ಪುಣೆಗೆ ವರ್ಗವಾದವರು ಯಾರು? ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರಂತೂ ನಡೆದಾಡುವ ದಾಖಲೆ. ಯಾವ ಕಂಪನಿಯ ಹುಡುಗರು ಸೋಫಾವನ್ನು ಮೆಟ್ಟಿಲ ಗೋಡೆಗೆ ಉಜ್ಜಿದರು ಎನ್ನುವುದು ಅವರಿಗೆ ನೆನಪಿರುತ್ತದೆ. ಮೂರು ನಾಲ್ಕು ಕಡೆ ವಿಚಾರಿಸಿದರೆ ಸಾಕು. ಹತ್ತು ಕಡೆ ಕೇಳಿದರೆ ತಲೆ ಕೆಡುತ್ತದೆ ಅಷ್ಟೇ.

ಹೆಸರಿನ ಬಗ್ಗೆ ಹುಷಾರು. ಹೆಸರಾಂತ ಕಂಪನಿಯ ಹೆಸರಿಗೆ ಹಿಂದೆಯೋ ಮುಂದೆಯೋ ಒಂದು ಪದ ಅಂಟಿಸಿಕೊಂಡವರು ಬೇಕಾದಷ್ಟಿದ್ದಾರೆ. ಲೋಗೋ ಬಣ್ಣವೂ ಅದೇ.

ಕಾಗದ ನೋಡುವುದು

ಇದಕ್ಕೆ ಅರ್ಧ ಗಂಟೆ ಸಾಕು, ಕುರ್ಚಿಯಿಂದ ಏಳಬೇಕಾಗಿಲ್ಲ.

ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರ ಮತ್ತು ಅಂಕಿ ಇರುತ್ತವೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ತಾಣದಲ್ಲಿ ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಅದನ್ನು ಹುಡುಕಬಹುದು. ಮಾಲೀಕರ ಅಥವಾ ಕಂಪನಿಯ ನಿಜವಾದ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ, ಎಲ್ಲಾ ಕಾಣುತ್ತದೆ. ನೋಂದಣಿ ದಿನಾಂಕವನ್ನೂ ನೋಡಿ. ಜಿಎಸ್‌ಟಿ ಬಂದಿದ್ದೇ 2017ರ ಜುಲೈನಲ್ಲಿ, ಅದಕ್ಕಿಂತ ಹಿಂದಿನ ದಿನಾಂಕ ಸಿಗುವುದಿಲ್ಲ. ಆದರೆ "25 ವರ್ಷದ ಅನುಭವ" ಎಂದವರ ನೋಂದಣಿ ಆರು ತಿಂಗಳ ಹಿಂದಿನದು ಆಗಿದ್ದರೆ ಕಾರಣ ಕೇಳಲೇಬೇಕು, ಅಲ್ವಾ? ನಾನು ನೋಡಿದ ನಾಲ್ಕರಲ್ಲಿ ಒಂದು ಕಂಪನಿಯ ನೋಂದಣಿ ರದ್ದಾಗಿತ್ತು. ಆ ನಂಬರು ಮಾತ್ರ ಅವರ ಕೊಟೇಷನ್ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು.

ಎರಡನೆಯದು, ಸರಕು ಸಾಗಣೆಯ ನೋಂದಣಿ. ರಸ್ತೆ ಮೂಲಕ ಸಾಗಣೆ ಕಾಯ್ದೆ 2007ರದ್ದು, ಜಾರಿಗೆ ಬಂದಿದ್ದು 2011ರಲ್ಲಿ. ಬೇರೆಯವರ ಸರಕು ಸಾಗಿಸುವ ವ್ಯವಹಾರ ಮಾಡುವವರು ಇದರಡಿ ಸಾರಿಗೆ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಪ್ರಮಾಣಪತ್ರದ ಫೋಟೋ ಕಳಿಸಿ ಎಂದು ಕೇಳಿ. ಕಳಿಸುವವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ಕಳಿಸದವರು ಒಂದು ಕಥೆ ಹೇಳುತ್ತಾರೆ.

"ಐಬಿಎ ಅನುಮೋದಿತ" ಎಂದೂ ಹಾಕಿಕೊಂಡಿರುತ್ತಾರೆ. ಐಬಿಎ ಅಂದರೆ ಬ್ಯಾಂಕುಗಳ ಸಂಘ. ಬ್ಯಾಂಕಿನವರು ಯಾವ ಸಾಗಣೆದಾರರ ಲಾರಿ ರಸೀದಿಯನ್ನು (ಸರಕು ಪಡೆದಿದ್ದಕ್ಕೆ ಅವರು ಕೊಡುವ ಕಾಗದ) ಒಪ್ಪಬಹುದು ಎನ್ನುವುದಕ್ಕೆ ಹುಟ್ಟಿದ ಪಟ್ಟಿ ಅದು. ನಿಮ್ಮ ಆಫೀಸು ವರ್ಗಾವಣೆ ಖರ್ಚು ಕೊಡಲು ಐಬಿಎ ಬಿಲ್ಲನ್ನೇ ಕೇಳಿದರೆ ಅದು ಬೇಕು. ಉಳಿದಂತೆ, ನಿಮ್ಮ ಗಾಜಿನ ಲೋಟ ಒಡೆಯದೆ ಬರುತ್ತದೆ ಎಂದು ಆ ಪಟ್ಟಿ ಹೇಳುವುದಿಲ್ಲ.

ಆಮೇಲೆ, ಸಾಧ್ಯವಾದರೆ ಒಮ್ಮೆ ಅವರ ಆಫೀಸಿಗೋ ಗೋಡೌನಿಗೋ ಹೋಗಿ ಬನ್ನಿ. ನಾನು ಪೀಣ್ಯದ ಹತ್ತಿರದ ಒಂದು ಗೋಡೌನಿಗೆ ಹೋಗಿದ್ದೆ. ಒಳಗೆ ಯಾರದ್ದೋ ಸಾಮಾನು, ಪ್ರತಿ ಡಬ್ಬದ ಮೇಲೆ ನಂಬರು, ಗೋಡೆಗೆ ಒರಗಿಸಿದ ಹಾಸಿಗೆಗಳ ಕೆಳಗೆ ಮರದ ಹಲಗೆ. ಅರ್ಧ ನಿರ್ಧಾರ ಅಲ್ಲೇ ಆಯಿತು. ಇನ್ನೊಬ್ಬರು ಕೊಟ್ಟ ವಿಳಾಸದಲ್ಲಿ ಜೆರಾಕ್ಸ್ ಅಂಗಡಿ ಇತ್ತು.

ಕೊಟೇಷನ್ ಓದುವುದು

ಮನೆ ನೋಡದೆ ಹೇಳುವ ರೇಟು ರೇಟೇ ಅಲ್ಲ. ಯಾರಾದರೂ ಬಂದು ನೋಡಬೇಕು, ಇಲ್ಲವೇ ವಿಡಿಯೋ ಕಾಲ್‌ನಲ್ಲಾದರೂ ಬೀರುವಿನ ಒಳಗೆ ತೋರಿಸಿ. ನಮ್ಮ ಎರಡು ಬೆಡ್‌ರೂಮಿನ ಮನೆಗೆ ಬಂದ ರೇಟುಗಳು: 18 ಸಾವಿರ, 31, 34, 42. ಆ 18 ಸಾವಿರದವನು ಮನೆ ನೋಡಿಯೇ ಇರಲಿಲ್ಲ. ಮೂವರು ಒಂದು ಕಡೆ ಇದ್ದು ಒಬ್ಬ ಅರ್ಧಕ್ಕೇ ಬರುತ್ತೇನೆ ಎಂದರೆ, ಉಳಿದರ್ಧ ಎಲ್ಲಿ ಕೇಳುತ್ತಾನೆ ಎನ್ನುವುದು ನನಗೆ ಭಾವನಿಂದ ಗೊತ್ತಿತ್ತು.

ಮಾತು ಬೇಡ, ಬರವಣಿಗೆಯಲ್ಲಿ ತರಿಸಿ. ಅದರಲ್ಲಿ ಪ್ಯಾಕಿಂಗ್, ಲೋಡಿಂಗ್, ಸಾಗಣೆ, ಅನ್‌ಲೋಡಿಂಗ್, ಡಬ್ಬ ಬಿಚ್ಚಿ ಮಂಚ ಜೋಡಿಸುವುದು, ಟೋಲ್, ಜಿಎಸ್‌ಟಿ ಬೇರೆ ಬೇರೆಯಾಗಿ ಇರಬೇಕು. ಪ್ಯಾಕಿಂಗ್ ಸೇರಿದ ಪೂರ್ತಿ ಕೆಲಸಕ್ಕೆ ಸಾಮಾನ್ಯವಾಗಿ 18% ಜಿಎಸ್‌ಟಿ ಹಾಕುತ್ತಾರೆ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀನಿ" ಎನ್ನುವ ಆಸೆಗೆ ಬೀಳಬೇಡಿ. ಬಿಲ್ ಇಲ್ಲದಿದ್ದರೆ ನಾಳೆ ದೂರು ಕೊಡಲು ಕೈಯಲ್ಲಿ ಕಾಗದವೇ ಇರುವುದಿಲ್ಲ.

ಗುಟ್ಟಾಗಿ ಕೂತಿರುವ ಖರ್ಚುಗಳು ಇನ್ನೂ ಇವೆ. ಎರಡೂ ಕಡೆ ಎಷ್ಟನೇ ಮಹಡಿ, ಲಿಫ್ಟಿನಲ್ಲಿ ಸಾಮಾನು ಬಿಡುತ್ತಾರಾ? ಲಾರಿ ಮನೆ ಬಾಗಿಲಿಗೆ ಬರುತ್ತದಾ? ವಿಜಯನಗರದ ನಮ್ಮ ಕ್ರಾಸಿಗೆ 14 ಅಡಿಯ ಲಾರಿ ತಿರುಗುವುದಿಲ್ಲ. ಸಾಮಾನನ್ನು ಟಾಟಾ ಏಸ್‌ನಲ್ಲಿ ಮೇನ್ ರೋಡಿಗೆ ಒಯ್ದು ಅಲ್ಲಿ ಲಾರಿಗೆ ಹಾಕಬೇಕು. ಇದಕ್ಕೆ ಒಬ್ಬರು ಎರಡೂವರೆ ಸಾವಿರ ಬೇರೆ ಹಾಕಿದ್ದರು, ಇನ್ನೊಬ್ಬರು ಅದನ್ನು ಹೇಳಿಯೇ ಇರಲಿಲ್ಲ. ಹೇಳದವರದು ಕಮ್ಮಿ ರೇಟು ಎಂದು ಮೋಸ ಹೋಗಬಾರದು. ಹೊಸ ಊರಿನ ಸೊಸೈಟಿಯಲ್ಲಿ ಭಾನುವಾರ ಸಾಮಾನು ಇಳಿಸಲು ಬಿಡುತ್ತಾರಾ ಎಂದೂ ಮೊದಲೇ ಕೇಳಿ. ಬಿಡದಿದ್ದರೆ ಲಾರಿ ಒಂದು ದಿನ ನಿಂತ ಬಾಡಿಗೆ ನಿಮ್ಮ ತಲೆಗೆ.

ಪೂರ್ತಿ ಲಾರಿಯೋ, ಪಾರ್ಟ್ ಲೋಡೋ?

ಪಾರ್ಟ್ ಲೋಡ್ ಅಂದರೆ ಒಂದೇ ಲಾರಿಯಲ್ಲಿ ಮೂರು ನಾಲ್ಕು ಮನೆಯ ಸಾಮಾನು. ಅಗ್ಗ. ಆದರೆ ಲಾರಿ ತುಂಬುವವರೆಗೆ ನಿಮ್ಮದು ಗೋಡೌನಿನಲ್ಲಿ ಕಾಯುತ್ತದೆ. ಒಂದು ಕಡೆ ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸುವುದರಲ್ಲಿ ಏಟು ಬೀಳುವುದೂ ಜಾಸ್ತಿ, ಡಬ್ಬ ಅದಲು ಬದಲಾಗುವುದೂ ಜಾಸ್ತಿ. ಬೆಂಗಳೂರು–ಪುಣೆಗೆ ಪೂರ್ತಿ ಲಾರಿ ನಮಗೆ ಮೂರನೇ ದಿನ ಬಂತು. ಪಾರ್ಟ್ ಲೋಡಿಗೆ ಏಳರಿಂದ ಹತ್ತು ದಿನ ಎಂದಿದ್ದರು.

ನನ್ನ ಲೆಕ್ಕ ಹೀಗೆ: ಬರೀ ಬಟ್ಟೆ, ಪುಸ್ತಕ, ಒಂದು ಮಂಚ, ವಾಷಿಂಗ್ ಮಷೀನ್ ಇದ್ದರೆ ಪಾರ್ಟ್ ಲೋಡ್ ಸಾಕು. ಎರಡು ಬೆಡ್‌ರೂಮಿನ ತುಂಬಿದ ಮನೆ, ಅದರಲ್ಲಿ ಚಿಕ್ಕ ಮಕ್ಕಳು ಇದ್ದರೆ ಪೂರ್ತಿ ಲಾರಿ ತಗೊಳ್ಳಿ. ಪಾರ್ಟ್ ಲೋಡ್ ಮಾಡಿಸುವುದಾದರೆ ಎಲ್ಲಿ ಬೇರೆ ಲಾರಿಗೆ ಬದಲಿಸುತ್ತಾರೆ, ಕೊನೆಯ ದಿನಾಂಕ ಯಾವುದು ಎಂದು ಬರೆಸಿಕೊಳ್ಳಿ. ದಿನಾಂಕ ಕಾಗದದಲ್ಲಿ ಇಲ್ಲದಿದ್ದರೆ ತಡವಾಗಿದ್ದಕ್ಕೆ ಪರಿಹಾರ ಕೇಳುವುದು ಕಷ್ಟ.

ವಿಮೆ: ಎಲ್ಲರೂ ಜಾರುವ ಜಾಗ

ಕೊಟೇಷನ್ನಿನಲ್ಲಿ "ಇನ್ಶೂರೆನ್ಸ್ 3%" ಎಂದು ಒಂದು ಸಾಲು ಇರುತ್ತದೆ. ನೀವು ಹೇಳಿದ ಸಾಮಾನಿನ ಬೆಲೆ ಎರಡು ಲಕ್ಷವಾದರೆ ಆರು ಸಾವಿರ. ಸುಮ್ನೆ ಕಟ್ಟಿಬಿಡುತ್ತೇವೆ. ಆದರೆ ಆ ದುಡ್ಡು ಯಾರಿಗೆ ಹೋಗುತ್ತದೆ? ಸಾಗಣೆ ಕಂಪನಿ ಎಂದರೆ ವಿಮಾ ಕಂಪನಿ ಅಲ್ಲ. ನಿಜವಾದ ವಿಮೆಯಾದರೆ ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರು, ನಿಮ್ಮ ಹೆಸರು ಇರುವ ಪ್ರಮಾಣಪತ್ರ ಬರುತ್ತದೆ. ಅದು ಲಾರಿ ಹೊರಡುವ ಮೊದಲು ನಿಮ್ಮ ಕೈಯಲ್ಲಿ ಇರಬೇಕು. ಎಷ್ಟೋ ಕಡೆ ಆ ಆರು ಸಾವಿರ ಕಂಪನಿಯ ಜೇಬಿಗೇ ಹೋಗಿ, ಏನಾದರೂ ಆದಾಗ "ನೋಡೋಣ ಸಾರ್" ಎನ್ನುವುದಷ್ಟೇ ಸಿಗುತ್ತದೆ.

ಪಾಲಿಸಿ ಬಂದರೂ ಒಂದು ಸಾಲು ಓದಿ. ದೇಶದೊಳಗಿನ ಸಾಗಣೆ ವಿಮೆಯಲ್ಲಿ ಐಟಿಸಿ-ಎ, ಐಟಿಸಿ-ಬಿ ಎಂದು ಬಗೆಗಳಿವೆ. 'ಬಿ'ಯಲ್ಲಿ ಬೆಂಕಿ, ಸಿಡಿಲು, ಲಾರಿ ಡಿಕ್ಕಿ, ಲಾರಿ ಮಗುಚುವುದು, ಇಂಥವಕ್ಕೆ ಮಾತ್ರ ದುಡ್ಡು. ಕಳ್ಳತನಕ್ಕೂ ಇಲ್ಲ, ಹಾದಿಯ ಕುಲುಕಾಟಕ್ಕೆ ಟಿವಿ ಒಡೆದರೂ ಇಲ್ಲ. 'ಎ'ಯ ವ್ಯಾಪ್ತಿ ದೊಡ್ಡದು. ಮತ್ತೆ, ನೀವೇ ಕಟ್ಟಿದ ಡಬ್ಬದೊಳಗೆ ಒಡೆದರೆ ಅದನ್ನು ಒಪ್ಪುವುದು ಕಷ್ಟ. ಹಾಗಾಗಿ ಗಾಜು, ಪಿಂಗಾಣಿಯನ್ನು ಅವರ ಕೈಯಲ್ಲೇ ಕಟ್ಟಿಸಿ.

ವಿಮೆ ಮಾಡಿಸದಿದ್ದರೆ? ಆ 2007ರ ಕಾಯ್ದೆಯ ನಿಯಮಗಳ ಪ್ರಕಾರ ಸಾಗಣೆದಾರರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ, ಅದೂ ನೀವು ಘೋಷಿಸಿದ ಬೆಲೆಯನ್ನು ಮೀರುವಂತಿಲ್ಲ. ಹೆಚ್ಚಿನ ದರ ಕಟ್ಟಲು ಒಪ್ಪಿ ಹೆಚ್ಚಿನ ಹೊಣೆ ಬರೆಸಿದ್ದರೆ ಮಾತ್ರ ಬೇರೆ. ಇಲ್ಲೊಂದು ಸೂಕ್ಷ್ಮ ಇದೆ. ನನಗೆ 31 ಸಾವಿರ ಹೇಳಿದವರು ಬಾಡಿಗೆ 14 ಸಾವಿರ, ಪ್ಯಾಕಿಂಗ್ ಮತ್ತು ಕೂಲಿ 17 ಸಾವಿರ ಎಂದು ಒಡೆದು ಬರೆದಿದ್ದರು. ಹಾಗಾದರೆ ಹತ್ತು ಪಟ್ಟು ಎಂದರೆ 1 ಲಕ್ಷ 40 ಸಾವಿರ ಎಂದು ವಾದ ಮಾಡುತ್ತಾರೆ. ಆದ್ದರಿಂದ ಬಾಡಿಗೆ ಎಷ್ಟೆಂದು ತೋರಿಸಿದ್ದಾರೆ ಎನ್ನುವುದನ್ನೂ, ಸಾಮಾನಿನ ಬೆಲೆ ಎಷ್ಟೆಂದು ಬರೆದಿದ್ದಾರೆ ಎನ್ನುವುದನ್ನೂ ನೋಡಿ. "ಓನರ್ಸ್ ರಿಸ್ಕ್" ಎಂದು ಮುದ್ರೆ ಹೊಡೆದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಅಪಾಯ ಮಾಲೀಕನದು ಎನ್ನುವುದೇ ಅದರ ಅರ್ಥ. ಮಾಲೀಕ ಎಂದರೆ ನೀವು.

ದುಡ್ಡು

ಮುಂಗಡ ಸ್ವಲ್ಪ, ಲೋಡಿಂಗ್ ಆದಮೇಲೆ ಹೆಚ್ಚಿನ ಪಾಲು, ಇಳಿಸಿದ ಮೇಲೆ ಉಳಿದದ್ದು. ಕಂಪನಿಯವರು ಲೋಡಿಂಗ್ ದಿನವೇ ಪೂರ್ತಿ ಕೇಳುತ್ತಾರೆ. ನಾನು 2 ಸಾವಿರ ಮುಂಗಡ, ಲಾರಿ ಹೊರಡುವಾಗ 70%, ಉಳಿದಿದ್ದು ಪುಣೆಯಲ್ಲಿ ಎಂದು ಒಪ್ಪಿಸಿದೆ. ಎರಡು ದಿನ ಎಳೆದಾಡಿದರು, ಆಮೇಲೆ ಒಪ್ಪಿದರು. ಆ ಕೊನೆಯ ಕಂತು ನಿಮ್ಮ ಹತ್ತಿರ ಇರುವವರೆಗೆ ಫೋನ್ ಎತ್ತುತ್ತಾರೆ. ದುಡ್ಡು ಕಂಪನಿಯ ಖಾತೆಗೇ ಹೋಗಲಿ. ಸೂಪರ್‌ವೈಸರ್‌ನ ಸ್ವಂತ ನಂಬರಿಗೆ ಕಳಿಸಿದರೆ ಅದು ಕಂಪನಿಗೆ ಬಂದೇ ಇಲ್ಲ ಎನ್ನಬಹುದು.

ಹಾದಿಯಲ್ಲಿ "ಚೆಕ್‌ಪೋಸ್ಟ್ ಟ್ಯಾಕ್ಸ್", "ಇ-ವೇ ಬಿಲ್ ಫೈನ್" ಎಂದು ಫೋನ್ ಬಂದರೆ ಹೆದರಬೇಡಿ. ಇ-ವೇ ಬಿಲ್ ಅಂದರೆ ಸರಕು ಸಾಗಿಸಲು ಮಾಡಿಸುವ ಜಿಎಸ್‌ಟಿ ಕಾಗದ. ಬಳಸಿದ ಮನೆ ಸಾಮಾನಿಗೆ ಅದರಿಂದ ವಿನಾಯಿತಿ ಇದೆ.

ಲಾರಿಗೆ ಹಾಕಬಾರದ್ದು

ಒಡವೆ, ನಗದು, ಮನೆ ಪತ್ರ, ಅಂಕಪಟ್ಟಿ, ಔಷಧ, ಲ್ಯಾಪ್‌ಟಾಪ್ ನಿಮ್ಮ ಜೊತೆಗೇ ಬರಲಿ. ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಬೇಡಿ. ರೆಗ್ಯುಲೇಟರ್ ಸಮೇತ ಏಜೆನ್ಸಿಗೆ ವಾಪಸ್ ಕೊಟ್ಟು, ಠೇವಣಿ ಹಿಂಪಡೆದು, ಸಂಪರ್ಕ ಬಿಟ್ಟಿದ್ದಕ್ಕೆ ಕೊಡುವ ಟರ್ಮಿನೇಷನ್ ವೋಚರ್ ತಗೊಳ್ಳಿ. ಹೊಸ ಊರಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬಹುದು. ಅಲ್ಲಿಯವರೆಗೆ ಹಾಲು ಉಕ್ಕಿಸಲು ಒಂದು ಇಂಡಕ್ಷನ್ ಒಲೆ, ಅದಕ್ಕೆ ಹೊಂದುವ ಒಂದು ಪಾತ್ರೆ ಕೈಚೀಲದಲ್ಲೇ ಇರಲಿ. ನಮ್ಮ ಪಾತ್ರೆ ಹನ್ನೊಂದನೇ ನಂಬರ್ ಡಬ್ಬದೊಳಗೆ ಹೋಗಿತ್ತು, ಪಕ್ಕದ ಮನೆಯವರ ಹತ್ತಿರ ಕೇಳಿ ತಂದೆವು.

ಬೈಕಿನ ಪೆಟ್ರೋಲ್ ತೆಗೆಸಿ, ಮೀಟರಿನ ಫೋಟೋ ತೆಗೆದಿಡಿ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇರುವುದಾದರೆ ಗಾಡಿಗೆ ಆರ್‌ಟಿಒ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ಬೇಕು. ಅದನ್ನು ಹೊರಡುವ ಮುಂಚೆಯೇ ಮಾಡಿಸುವುದು ಸುಲಭ. ಫ್ರಿಜ್ಜನ್ನು ಹಿಂದಿನ ದಿನವೇ ಆಫ್ ಮಾಡಿ ಒಣಗಿಸಿ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮಷೀನಿಗೆ ಡ್ರಮ್ ಅಲುಗಾಡದಂತೆ ಬಿಗಿಯುವ ಬೋಲ್ಟುಗಳು ಬಂದಿರುತ್ತವೆ. ಹುಡುಕಿ ಹಾಕಿಸಿ.

ಲೋಡಿಂಗ್ ದಿನ

ಬಂದ ಲಾರಿಯ ನಂಬರನ್ನು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಅದರ ವಿಮೆ, ಫಿಟ್‌ನೆಸ್ ಮುಗಿದಿದೆಯೇ ಎಂದು ತಿಳಿಯುತ್ತದೆ. ಡ್ರೈವರ್ ನಂಬರು ಬರೆದುಕೊಳ್ಳಿ. ಪ್ರತಿ ಡಬ್ಬಕ್ಕೂ ನಂಬರು, ಒಳಗೆ ಏನಿದೆ ಎಂದು ಒಂದು ಸಾಲು. ಪ್ಯಾಕಿಂಗ್ ಪಟ್ಟಿಯಲ್ಲಿ ಅವರು ಎಲ್ಲಕ್ಕೂ "ಹಳೆಯದು, ಗೀರಿದೆ" ಎಂದು ಬರೆಯುವ ಅಭ್ಯಾಸ ಇದೆ. ನಮ್ಮ ಹೊಸ ಫ್ರಿಜ್ಜಿಗೂ ಹಾಗೇ ಬರೆದಿದ್ದರು. ಹೊಡೆದು ಹಾಕಿಸಿ ತಿದ್ದಿಸಿದೆ. ಎಲ್‌ಆರ್, ಅಂದರೆ ಲಾರಿ ರಸೀದಿ, ಕೈಗೆ ಬರದೆ ಲಾರಿ ಬಿಡಬೇಡಿ. ಅದರಲ್ಲಿ ನಿಮ್ಮ ಹೆಸರು, ಎರಡೂ ವಿಳಾಸ, ಡಬ್ಬದ ಸಂಖ್ಯೆ, ಬೆಲೆ, ತಲುಪಿಸುವ ದಿನ ಇರಲಿ.

ಇಳಿಸುವಾಗ

ಒಬ್ಬರು ಬಾಗಿಲಲ್ಲಿ ನಿಂತು ನಂಬರಿಗೆ ಟಿಕ್ ಹಾಕಬೇಕು. ಹುಡುಗರು ಅವಸರ ಮಾಡುತ್ತಾರೆ, ಸಹಿಗೆ ಕಾಗದ ಚಾಚುತ್ತಾರೆ. ಟಿವಿ, ಫ್ರಿಜ್, ಗ್ರೈಂಡರ್ ಇಷ್ಟನ್ನಾದರೂ ಬಿಚ್ಚಿ ನೋಡದೆ ಸಹಿ ಬೇಡ. ಏನಾದರೂ ಒಡೆದಿದ್ದರೆ ಅವರ ಪ್ರತಿಯ ಮೇಲೇ ಬರೆದು ಸಹಿ ಹಾಕಿ, ಫೋಟೋ ತೆಗೆಯಿರಿ. "ಆಮೇಲೆ ಮೇಲ್ ಮಾಡಿ" ಎಂದರೆ ಒಪ್ಪಬೇಡಿ. ಎರಡೂ ಮಾಡಿ.

ಕಾನೂನಿನ ಪ್ರಕಾರ ಕೋರ್ಟಿಗೆ ಹೋಗುವ ಮುನ್ನ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು, ಅದೂ ಬುಕಿಂಗ್ ಮಾಡಿದ ದಿನದಿಂದ 180 ದಿನದೊಳಗೆ. ಲೆಕ್ಕ ಶುರುವಾಗುವುದು ಸಾಮಾನು ಬಂದ ದಿನದಿಂದ ಅಲ್ಲ, ನೆನಪಿರಲಿ. ಮೊದಲು ಕಂಪನಿಗೆ ರಿಜಿಸ್ಟರ್ಡ್ ಅಂಚೆ, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಇ-ಜಾಗೃತಿ ಪೋರ್ಟಲಿನಲ್ಲಿ ಗ್ರಾಹಕ ಆಯೋಗಕ್ಕೆ ದೂರು. 2019ರ ಕಾಯ್ದೆ ಬಂದಮೇಲೆ ನೀವು ಇರುವ ಊರಲ್ಲೇ ದೂರು ಹಾಕಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಭಾವನ ಹಾಗೆ ಸಾಮಾನನ್ನೇ ಹಿಡಿದಿಟ್ಟು ದುಡ್ಡು ಕೇಳಿದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಕೊಟೇಷನ್, ಎಲ್‌ಆರ್, ದುಡ್ಡು ಕಳಿಸಿದ ದಾಖಲೆ ಕೈಯಲ್ಲಿದ್ದರೆ ಪೊಲೀಸರ ಮುಂದೆ ಮಾತು ನಿಲ್ಲುತ್ತದೆ.

ನಮ್ಮದರಲ್ಲಿ ಒಡೆದಿದ್ದು ಗ್ರೈಂಡರಿನ ಬುಡ. ಕಲ್ಲನ್ನು ಬೇರೆ ಸುತ್ತದೆ ಪಾತ್ರೆಯೊಳಗೇ ಬಿಟ್ಟಿದ್ದರು, ಮೂರು ದಿನ ಅದು ಒಳಗೇ ಕುಟ್ಟಿತ್ತು. ಬಾಗಿಲಲ್ಲೇ ಬಿಚ್ಚಿಸಿ, ಎಲ್‌ಆರ್ ಮೇಲೆ ಬರೆಸಿ, ಕೊನೆಯ ಕಂತಿನಲ್ಲಿ 4 ಸಾವಿರ ಹಿಡಿದುಕೊಂಡೆ. ಸೂಪರ್‌ವೈಸರ್ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದು, ಸರಿ ಸಾರ್, ಎಂದ.